ಒಂಬತ್ತರ ನಂತರ

ಇದರಲ್ಲಿ ಎಷ್ಟು ನಿಜವೋ ಖಾತ್ರಿಯಿಲ್ಲ. ನಾನಾಗ ಐದು ವರ್ಷದವನು, ಮಾತುಗಳನ್ನು ಆಮೇಲೆ ಹೊಂದಿಸಿಕೊಂಡಿರಬಹುದು. ಆದರೆ ಹೊಸ ಜೋಳದ ವಾಸನೆ ಬಂದರೆ ಈಗಲೂ ಧಾರವಾಡದ ಆ ಮಧ್ಯಾಹ್ನವೇ ಎದುರಿಗೆ ನಿಲ್ಲುತ್ತದೆ.

ಅವ್ವನಿಗೆ ಕ್ಷಯ. ಅವಳು ಮಲಗಿದ್ದ ಕೋಣೆಯ ಹೊಸ್ತಿಲನ್ನು ನಾನು ದಾಟಕೂಡದೆಂದು ಡಾಕ್ಟರರು ಹೇಳಿದ್ದರು. ಹೊಸ್ತಿಲ ಈಚೆ ಕುಳಿತು, ಬುಟ್ಟಿಯ ಜೋಳವನ್ನು ಬಟ್ಟಲಿನಿಂದ ಅಳೆದು ಸುರಿಯುತ್ತಿದ್ದೆ. ಅವಳು ಒಳಗಿನಿಂದಲೇ ಎಣಿಕೆ ಕಲಿಸುತ್ತಿದ್ದಳು.

“ಕಾಳು ಅಳಿಯೂ ಮುಂದ ಒಂದು ಅನಬಾರದಪ್ಪಾ, ಲಾಭ ಅನಬೇಕು. ಲಾಭ, ಎರಡು, ಮೂರು...”

“ಅವ್ವಾ, ನಾ ಒಳಗ ಬರಲೇನು?”

“ಹತ್ತಾದ ಮ್ಯಾಲೆ ಬರೂವಂತಿ.”

ಒಂಬತ್ತು ಬಟ್ಟಲು ಮುಗಿಯಿತು. ಧೂಳು ಮೆತ್ತಿದ ಕೈ ಒರೆಸಿಕೊಂಡು ಎದ್ದು ನಿಂತೆ.

“ಒಂಬತ್ತಾದ ಮ್ಯಾಲೆ ಏನವ್ವಾ?”

ಅವಳು ಸೆರಗನ್ನು ಬಾಯಿಗೊತ್ತಿಕೊಂಡು ಕೆಮ್ಮಿದಳು. “ಮತ್ತ ಲಾಭ,” ಎಂದಳು. “ಕೂಡು, ನನ್ನ ಶಾಣ್ಯಾ.”

ಕೂತೆ. ಬುಟ್ಟಿ ಬರಿದಾಗುವವರೆಗೂ ಹತ್ತು ಬರಲೇ ಇಲ್ಲ. ಮುಂದಿನ ಹುಣ್ಣಿಮೆಗೆ ಅವ್ವ ಇರಲಿಲ್ಲ.

ಒಂಬತ್ತಾದ ಮೇಲೆ ಮತ್ತೆ ಲಾಭ ಎನ್ನುವುದು ಕಾಳು ಅಳೆಯುವವರ ರೂಢಿಯೇ ಇರಬೇಕೆಂದು ಬಹುಕಾಲ ನಂಬಿದ್ದೆ. ಕಾಲೇಜು ಮುಗಿದ ಮೇಲೆ ಹುಬ್ಬಳ್ಳಿಯ ಕಾಳಿನ ಪೇಟೆಯಲ್ಲಿ, ಜೋಳ ಅಳೆಯುತ್ತಿದ್ದ ಮುದುಕರೊಬ್ಬರನ್ನು ಕೇಳಿದೆ.

“ಮೊದಲನೇದಕ್ಕಷ್ಟ ಲಾಭ ಅಂತೀವ್ರಿ,” ಎಂದರು. “ಒಂಬತ್ತಾದ ಮ್ಯಾಲೆ ಹತ್ತರೀ.”