ಹುಟ್ಟಿದ ವಾರದ ಹಾಡು

“ಕಾರ್ಡು ಬರದಿದ್ದರೂ ನಾಳೆ ಆ ಹೆಸರು ಓದಿಬಿಡಿ, ತಾಯಿ.”

ಬಾನುಲಿ ನಿಲಯದ ನಿರೂಪಕಿ ತಲೆಯೆತ್ತಿದಳು. ಮೇಜಿನಾಚೆ ಶಾಲು ಹೊದ್ದ ಮುದುಕರು ನಿಂತಿದ್ದರು. ಬಾಗಿಲ ಬಳಿಯ ಪುಸ್ತಕದಲ್ಲಿ ಎಡಗೈಯಿಂದ ಸಹಿ ಹಾಕಿ, “ಇದೇನು ತಾತ, ಇರುವೆಗೆ ಮಸಿ ಬಳಿದು ಬಿಟ್ಟ ಹಾಗಿದೆ!” ಎಂದು ಕಾವಲುಗಾರನಿಂದ ಅನ್ನಿಸಿಕೊಂಡು ಬಂದಿದ್ದರು. ಬುಧವಾರ ಬಚ್ಚಲಲ್ಲಿ ಜಾರಿ ಬಿದ್ದದ್ದು. ಶಾಲಿನೊಳಗೆ ಬಲಗೈಯ ಪಟ್ಟಿ ಇನ್ನೂ ಬಿಗಿಯುತ್ತಿತ್ತು.

“ಯಾವ ಹೆಸರು?”

“ಗುಂಗುರು.”

ನಿರೂಪಕಿ ನಕ್ಕಳು. ಆ ಹೆಸರು ಅಲ್ಲಿ ಯಾರಿಗೆ ಗೊತ್ತಿಲ್ಲ? ಅವಳ ಕಾರ್ಯಕ್ರಮ ಭಾನುವಾರ ಬೆಳಿಗ್ಗೆ. ಆ ವಾರ ಯಾವ ತಾರೆಯ ಹುಟ್ಟುಹಬ್ಬ, ಆ ತಾರೆ ಹುಟ್ಟಿದ ವರ್ಷ ಮೊದಲ ಸ್ಥಾನದಲ್ಲಿದ್ದ ಹಾಡು ಯಾವುದು ಎಂದು ಕೇಳುಗರು ಕಾರ್ಡಿನಲ್ಲಿ ಬರೆದು ಕಳಿಸಬೇಕು. ಗುಂಗುರು ಎರಡು ವರ್ಷದಿಂದ ಒಂದು ವಾರವೂ ತಪ್ಪಿಸಿರಲಿಲ್ಲ. ಕೊನೆಯ ಸಾಲು ಯಾವಾಗಲೂ ಒಂದೇ: ಅಮ್ಮಾ, ಚೆನ್ನಾಗಿದ್ದೇನೆ.

“ಶ್ರದ್ಧೆ ಇದೆ, ತಲೆ ಇಲ್ಲ ಪಾಪ. ಹೋದ ತಿಂಗಳು ನಗೆನಟ ಸತ್ತ ದಿನಾನೇ ಹುಟ್ಟಿದ ದಿನ ಅಂತ ಬರೆದಿದ್ದ!”

ಮುದುಕರ ಮುಖ ಕೆಂಪಾಯಿತು. “ತಪ್ಪು ಎಲ್ಲರೂ ಮಾಡ್ತಾರೆ.”

ಕುರ್ಚಿಯ ಅಂಚಿನಲ್ಲಿ ಕುಳಿತರು. ಆ ಹುಡುಗನ ತಾಯಿಯನ್ನು ತಾನು ಬಲ್ಲೆ, ಅವನ ಕೂದಲು ನೋಡಿ ಆಕೆಯೇ ಇಟ್ಟ ಮನೆಹೆಸರದು ಎಂದರು. ಹಾಡಿನ ಹುಚ್ಚು ಬಿಡಿಸುತ್ತೇನೆಂದು ಅಪ್ಪ ರೇಡಿಯೋ ಒಡೆದ ದಿನ ಮನೆಬಿಟ್ಟವನು, ಒಂಬತ್ತು ವರ್ಷವಾಯಿತು. ಏಳು ವರ್ಷ ಆಕೆ ಗೋಡೆ ನೋಡುತ್ತ ಕಳೆದಳು. ಮೊದಲ ಕಾರ್ಡು ಓದಿದ ದಿನ ಎದ್ದು ತಲೆ ಬಾಚಿಕೊಂಡಳು. ಬರುವ ಸೋಮವಾರ ಆಕೆಯ ಎದೆಗೆ ಶಸ್ತ್ರಚಿಕಿತ್ಸೆ. ನಾಳೆ ಆ ಹೆಸರು ಕೇಳದೆ ಒಳಗೆ ಹೋದರೆ ಆಕೆ ಹೊರಗೆ ಬರುವುದಿಲ್ಲ.

ರೇಡಿಯೋ ಒಡೆದ ಕೈ ತನ್ನದೇ ಎಂಬುದನ್ನು ಮಾತ್ರ ಹೇಳಲಿಲ್ಲ.

“ಅಷ್ಟೇ ತಾನೆ? ಕಾರ್ಡು ಬಂದೇ ಬರುತ್ತೆ ಬಿಡಿ, ತಾತ.”

ಬೆಳಿಗ್ಗೆ ಹೆಂಡತಿಯೂ ಇದೇ ಮಾತು ಹೇಳಿದ್ದಳು. ನಿನ್ನೆ ಮದ್ದಿನಂಗಡಿಗೆಂದು ಹೋದವಳು ತಡವಾಗಿ, ಏದುಸಿರು ಬಿಡುತ್ತ ಮರಳಿ ಮಲಗಿದ್ದಳು. ಆ ಉಸಿರು ಮುದುಕರ ಕಿವಿಯಿಂದ ಇನ್ನೂ ಹೋಗಿರಲಿಲ್ಲ.

“ಈ ವಾರ ಬರಲ್ಲ, ತಾಯಿ. ದೇವರಾಣೆಗೂ ಬರಲ್ಲ.”

“ಬಾರದ ಕಾರ್ಡು ಓದಿದ್ರೆ ಸುಳ್ಳಾಗಲ್ವಾ?”

“ಆ ಪಾಪ ನನ್ನ ತಲೆಗಿರಲಿ. ಅಲ್ಲಿ ಈಗಾಗಲೇ ಬೇಕಾದಷ್ಟಿದೆ.” ಮುದುಕರು ಎಡಗೈಯನ್ನೇ ಎದೆಗೊತ್ತಿ ತಲೆ ಬಾಗಿಸಿದರು. “ಬೇಕಿದ್ರೆ ಕಾಲಿಗೆ ಬೀಳ್ತೀನಿ.”

“ಅಯ್ಯೋ, ಹಾಗನ್ನಬೇಡಿ! ಈ ವಾರದ ಕಟ್ಟು ನಾನಿನ್ನೂ ಬಿಚ್ಚೇ ಇಲ್ಲ.”

ಅವಳು ದಾರ ಹರಿದು ಕಾರ್ಡುಗಳನ್ನು ಸರಸರನೆ ಮಗುಚಿದಳು. ಒಂದೆಡೆ ಬೆರಳು ನಿಂತಿತು. “ನೋಡಿ! ಸುಮ್ಮನೆ ಕಂಗಾಲಾದ್ರಿ.” ಗಟ್ಟಿಯಾಗಿ ಓದಿದಳು: “ಈ ವಾರ ತಾರೆಯರ ಹುಟ್ಟುಹಬ್ಬ ಬೇಡ. ನಾನು ಹುಟ್ಟಿದ ವಾರ ಮೊದಲ ಸ್ಥಾನದಲ್ಲಿದ್ದ ದೋಣಿಯ ಹಾಡು ಹಾಕಿ. ಹೆರಿಗೆ ಕೋಣೆಯ ಕಿಟಕಿಯಾಚೆ ಯಾರೋ ಅದನ್ನೇ ಗುನುಗುತ್ತಿದ್ದರಂತೆ. ಅಮ್ಮಾ, ಚೆನ್ನಾಗಿದ್ದೇನೆ. ಗುಂಗುರು.”

ಮುದುಕರು ಕುರ್ಚಿ ಬಿಟ್ಟು ಎದ್ದರು. ಕಿಟಕಿಯಾಚೆಯ ಆ ಹಾಡಿನ ಸಂಗತಿ ಅವರಿಗೆ ಗೊತ್ತೇ ಇರಲಿಲ್ಲ. ಅದು ತಾಯಿ, ಮಗನ ನಡುವಿನ ಮಾತಾಗಿದ್ದಿರಬೇಕು.

“ಭಗವಂತಾ! ಇದು ಅವನೇ... ಅವನೇ ಬರೆದದ್ದು!”

“ಮತ್ತಿನ್ಯಾರು ಬರೀತಾರೆ?” ಅವಳು ಕಾರ್ಡು ಮಗುಚಿದಳು. “ಆದ್ರೆ ಅಂಚೆ ಮುದ್ರೆ ಇಲ್ವಲ್ಲ. ಯಾರೋ ಕೈಯಲ್ಲೇ ತಂದುಕೊಟ್ಟಿದ್ದಾರೆ.”

ಮುದುಕರು ಬಾಗಿಲಿಗೆ ಧಾವಿಸಿ ಕಾವಲುಗಾರನ ತೋಳು ಹಿಡಿದರು. “ಕೈಯಲ್ಲೇ ಕಾರ್ಡು ತಂದುಕೊಟ್ಟವನು ಎಲ್ಲಿ ಹೋದನಪ್ಪ? ಗುಂಗುರು ಕೂದಲಿತ್ತಾ? ಸೊರಗಿದ್ನಾ?”

“ಹುಡುಗ ಅಲ್ಲ ತಾತ, ಒಬ್ಬ ಅಜ್ಜಿ. ನಿನ್ನೆ ಮೆಟ್ಟಿಲು ಹತ್ತೋಷ್ಟರಲ್ಲೇ ಅವರಿಗೆ ಉಸಿರು ಕಟ್ಟಿತ್ತು. ‘ನಮ್ಮ ಮನೆಯವರ ಬಲಗೈ ಮುರಿದಿದೆಯಪ್ಪ, ಈ ವಾರ ಅವರ ಕೈಲಿ ಬರೆಯೋಕಾಗಲ್ಲ, ಅದಕ್ಕೇ ನಾನೇ ಬರೆದೆ. ಇದನ್ನ ಕೇಳಿ ನಾನು ನಕ್ಕರೇನೇ ಅವರಿಗೆ ತುತ್ತು ಇಳಿಯೋದು’ ಅಂದ್ರು.”