ಕಂಬಿಯಾಚೆಯ ಹನಿ

ಎಣ್ಣೆ ಹಡಗಿನ ಪೈಪು ಬಿರಿದು, ಕಪ್ಪು ಎಣ್ಣೆ ಡೆಕ್ಕಿನ ಅಂಚಿನಲ್ಲಿ ಮಳೆನೀರು ಹೋಗುವ ತೂತಿನತ್ತ ಸರಸರನೆ ಹರಿಯಿತು. ಪಂಪು ನಿಲ್ಲಿಸಲು ಓಡುತ್ತಲೇ ಅಪ್ಪ ಕೂಗಿದ: "ತೂತಿಗೆ ಬೆಣೆ ಹಾಕೋದು ನಾನೇ ಮರ್ತೆ ಕಣೇ! ಡೆಕ್ಕಲ್ಲಿದ್ರೆ ಬರೀ ಕೊಳೆ, ಒರೆಸ್ಕೋಬಹುದು. ಒಂದು ಹನಿ ನೀರಿಗೆ ಬಿತ್ತೋ, ನನ್ನ ಕೆಲಸ ಹೋಯ್ತು!"

ಹಡಗಿನ ಅಡುಗೆಮನೆಯಲ್ಲಿದ್ದ ಮಗಳು ಓಡಿಬಂದು, ಕೊರಳ ದುಪ್ಪಟ್ಟ ಎಳೆದು ಮುದ್ದೆ ಮಾಡಿ ತೂತಿಗೆ ತುರುಕಿದಳು. ಎಣ್ಣೆ ಅಲ್ಲೇ ಮಡುಗಟ್ಟಿತು. ಪಂಪು ನಿಂತಿತು. ಇಬ್ಬರೂ ಎಣ್ಣೆ ಮೊಗೆದು, ದುಪ್ಪಟ್ಟ ಕಿತ್ತು ಬೆಣೆ ಬಡಿದರು. ಕೆಳಗೆ ನೀರು ಕನ್ನಡಿಯಂತಿತ್ತು.

"ಗೆದ್ವಿ ಅಪ್ಪಾ!" ಎಂದು ಕುಣಿಯುತ್ತ, ಬಟ್ಟೆ ಒಗೆದ ರೂಢಿಯಲ್ಲೇ ದುಪ್ಪಟ್ಟವನ್ನು ಡೆಕ್ಕಿನಂಚಿನ ಕಂಬಿಯಾಚೆ ಹಿಡಿದು ಹಿಂಡಲು ಹೋದಳು.

"ಅಯ್ಯೋ, ಹಿಂಡ್ಬೇಡ ಕಣೇ!"

ತುದಿಯಲ್ಲಿ ಹನಿಯೊಂದು ಆಗಲೇ ದಪ್ಪಗಾಗಿತ್ತು. ಅವಳು ಸರಕ್ಕನೆ ಇನ್ನೊಂದು ಕೈ ಚಾಚಿದಳು. ಹನಿ ಅಂಗೈಗೇ ಬಿತ್ತು.