ಮರ್ವ್‌ನ ಅಲೆ

"ತಳ್ಳಬೇಡಿ! ಮರ್ವ್ ಬರ್ತಿದಾನೆ, ಆ ಅಲೆ ಅವನದು!" ಎಂದು ಟೆಗನ್ ಕೂಗುವಷ್ಟರಲ್ಲಿ ಹಿಂದಿದ್ದ ಸ್ವಯಂಸೇವಕರು ಅವಳ ಸರ್ಫಿಂಗ್ ಬೋರ್ಡನ್ನು ತಳ್ಳಿಯೇಬಿಟ್ಟಿದ್ದರು.

ಬೋರ್ಡಿನ ಮೇಲೆ ಬೋರಲು ಮಲಗಿದ್ದ ಟೆಗನ್ ಅಲೆಯೊಂದಿಗೆ ಜಾರಿದಳು. ಅದೇ ಅಲೆಯನ್ನೇರಿ ಎಡಗಡೆಯಿಂದ ನಿಂತುಕೊಂಡು ಬರುತ್ತಿದ್ದ ಮರ್ವ್‌ಗೆ ದಾರಿಯೇ ಇಲ್ಲದಂತಾಯಿತು. ಅವನು ಬೋರ್ಡ್ ಬಿಟ್ಟು ನೀರಿಗೆ ಹಾರಿದ. ಅಲೆ ಒಡೆಯಲು ಶುರುವಾಗುವ ಜಾಗಕ್ಕೆ ಯಾರು ಹತ್ತಿರವೋ ಅಲೆ ಅವರದು. ಅವರ ಮುಂದೆ ನುಗ್ಗಿದವರು ಕಳ್ಳರು. ಈ ಊರಿನ ಮಕ್ಕಳು ಶೂ ದಾರ ಕಟ್ಟುವುದಕ್ಕಿಂತ ಮೊದಲು ಇದನ್ನು ಕಲಿಯುತ್ತಾರೆ. ಟೆಗನ್ ಕಲಿತದ್ದು ಮರ್ವ್‌ನಿಂದಲೇ. ಅವಳಿನ್ನೂ ಹುಡುಗಿಯಾಗಿದ್ದಾಗ ಒಮ್ಮೆ ಅವನ ಅಲೆ ಕದ್ದಿದ್ದಳು. ಅವನು ಬೈದದ್ದು ಮೇಲೆ ರಸ್ತೆಯಲ್ಲಿ ಕಾರು ನಿಲ್ಲಿಸುತ್ತಿದ್ದವರಿಗೂ ಕೇಳಿಸಿತ್ತು. ಅವತ್ತಿಡೀ ಅವಳನ್ನು ನೀರಿಗೇ ಇಳಿಯಗೊಟ್ಟಿರಲಿಲ್ಲ.

ಈಗ ಅದೇ ಮರ್ವ್ ನೀರಿನಿಂದೆದ್ದು, ಬಿಳಿ ಗಡ್ಡ ಒರೆಸಿಕೊಂಡು, ಹೆಬ್ಬೆರಳು ಎತ್ತಿ ತೋರಿಸಿದ. "ಸೂಪರ್, ಪುಟ್ಟಾ! ಎಷ್ಟು ಚೆನ್ನಾಗಿ ಬಂದೆ!"

ಟೆಗನ್‌ಗೆ ಮೈಯೆಲ್ಲ ಉರಿದುಹೋಯಿತು. ಅಪಘಾತದಲ್ಲಿ ಕಾಲುಗಳ ಬಲ ಹೋದಮೇಲೆ ಅವಳು ಸಮುದ್ರಕ್ಕೆ ಇಳಿದದ್ದು ಇವತ್ತೇ ಮೊದಲು. ಬಂದದ್ದು ಬರೀ ಅಲೆಯ ಆಸೆಗಲ್ಲ. ಈ ನೀರಿನಲ್ಲಿ ಅವಳಿಗೊಂದು ಜಾಗವಿತ್ತು. ಮರ್ವ್‌ನಂಥವರ ಜೊತೆ ಜಗಳವಾಡಿ, ಬೈಸಿಕೊಂಡು, ಬೈದು ಗಳಿಸಿದ ಜಾಗ. ಅದು ಇನ್ನೂ ಇದೆಯೇ ಎಂದು ನೋಡಲು ಬಂದಿದ್ದಳು.

ನಡೆಯಲಾಗದವರನ್ನು ಅಲೆಯೇರಿಸಲೆಂದು ಸಿಡ್ನಿಯಿಂದ ಬಂದ ಸ್ವಯಂಸೇವಕರ ಮುಖ್ಯಸ್ಥೆ ಬ್ರಾನ್ವಿನ್ ಸೊಂಟಮಟ್ಟದ ನೀರಿನಲ್ಲಿ ನಡೆದು ಬಂದು ಅವಳ ಬೋರ್ಡ್ ಹಿಡಿದಳು. "ಯಾಕಮ್ಮಾ, ಮುಖ ಹೀಗಾಗಿದೆ? ನೀರು ಕುಡಿದ್ಯಾ?"

"ನಾನು ಅವನ ಅಲೆ ಕದ್ದೆ. ತಳ್ಳಬೇಡಿ ಅಂದೆ, ನೀವು ಕೇಳ್ಲಿಲ್ಲ."

"ಇವತ್ತು ಎಲ್ಲ ಅಲೆಗಳೂ ನಿಂದೇ, ಬಂಗಾರ."

"ಹಾಗಂತ ಹೇಳೋಕೆ ಸಮುದ್ರ ಏನು ನಿಮ್ಮಪ್ಪಂದಾ?"

"ಅಬ್ಬಬ್ಬಾ, ಎಷ್ಟು ಖಾರ ಇವಳು!" ಎಂದು ಬ್ರಾನ್ವಿನ್ ನಕ್ಕು, ಅವಳ ಕಣ್ಣಿಗೆ ಅಂಟಿದ ಕೂದಲನ್ನು ಕಿವಿಯ ಹಿಂದೆ ಸೇರಿಸಿದಳು. ಬೆಳಗಿನಿಂದ ತಣ್ಣೀರಲ್ಲಿ ನಿಂತು ಆಕೆಯ ತುಟಿ ನೀಲಿಗಟ್ಟಿತ್ತು. ಇಂಥವಳ ಮೇಲೆ ಸಿಟ್ಟು ಮಾಡಿಕೊಳ್ಳುವುದೂ ಕಷ್ಟ. ಅದಕ್ಕೇ ಟೆಗನ್‌ಗೆ ಇನ್ನಷ್ಟು ಸಿಟ್ಟು ಬಂತು.

ಬೋರ್ಡ್ ಎಳೆದುಕೊಂಡು ಪಕ್ಕದಲ್ಲೇ ಹೋಗುತ್ತಿದ್ದ ಮರ್ವ್‌ನನ್ನು ಅವಳು ತಡೆದಳು.

"ಬೈಯೋ, ಮರ್ವ್."

"ಯಾಕೆ ಬೈಲಿ?"

"ಬೇರೆ ಯಾರಾದ್ರೂ ಹೀಗೆ ಮಾಡಿದ್ರೆ ಸುಮ್ನೆ ಬಿಡ್ತಿದ್ಯಾ?"

"ಬೇರೆಯವರ ಮಾತು ಬಿಡು. ನೀನು ನೀರಿಗಿಳಿದಿದ್ದೇ ದೊಡ್ಡದು, ಪುಟ್ಟಾ." ಅವನು ಅವಳ ತಲೆ ಸವರಿ ಮುಂದೆ ಹೋದ.

ಟೆಗನ್ ಹಲ್ಲು ಕಚ್ಚಿದಳು. ಸ್ವಯಂಸೇವಕರು ಮತ್ತೆ ಅವಳ ಬೋರ್ಡನ್ನು ಅಲೆಗಳ ಕಡೆ ಒಯ್ದು ನಿಲ್ಲಿಸಿದರು. ಒಂದು ಅಲೆ ಬಂತು, ಬೇಡ ಎಂದಳು. ಇನ್ನೊಂದು ಬಂತು, ಅದೂ ಬೇಡ. ಅವಳ ಕಣ್ಣು ದೂರದಲ್ಲಿ ಬೋರ್ಡಿನ ಮೇಲೆ ಕುಳಿತಿದ್ದ ಮರ್ವ್‌ನ ಮೇಲಿತ್ತು. ಅವನು ತಿರುಗಿ, ಕೈಯಿಂದ ನೀರು ಎಳೆದು, ಒಂದು ಒಳ್ಳೆಯ ಅಲೆಯ ಮೇಲೆ ಎದ್ದು ನಿಂತ.

"ಈಗ ತಳ್ಳಿ!"

ತಳ್ಳಿದರು. ಅವಳು ಭುಜದ ಭಾರವನ್ನೆಲ್ಲ ಎಡಕ್ಕೆ ಹಾಕಿ ನೇರವಾಗಿ ಅವನ ಮುಂದಕ್ಕೇ ಬೋರ್ಡ್ ತಿರುಗಿಸಿದಳು. ಈ ಸಲ ಮರ್ವ್‌ಗೆ ಹಾರಲೂ ಸಮಯ ಸಿಗಲಿಲ್ಲ. ಎರಡು ಬೋರ್ಡುಗಳೂ ಡಬ್ಬೆಂದು ಬಡಿದುಕೊಂಡು, ಇಬ್ಬರೂ ನೊರೆಯಲ್ಲಿ ಉರುಳಿದರು.

ಬ್ರಾನ್ವಿನ್ ಓಡೋಡಿ ಬಂದು ಟೆಗನ್‌ಳ ತಲೆಯನ್ನು ನೀರಿನ ಮೇಲೆ ಎತ್ತಿ ಹಿಡಿದಳು. ಆಚೆ ಮರ್ವ್ ತಾನೇ ಕೆತ್ತಿ, ತಿಕ್ಕಿ, ಬಣ್ಣ ಬಳಿದಿದ್ದ ಹಳದಿ ಬೋರ್ಡನ್ನು ಮಗುಚಿ ನೋಡುತ್ತಿದ್ದ. ಅದರ ಹೊಟ್ಟೆ ಉದ್ದಕ್ಕೆ ಸೀಳಿತ್ತು.

"ಏ ಕೋತಿ! ಕಣ್ಣೇನು ಬೆನ್ನಲ್ಲಿ ಇಟ್ಕೊಂಡಿದೀಯಾ? ಚಡ್ಡಿ ಹಾಕೋ ವಯಸ್ಸಿಂದ ಹೇಳ್ತಾನೇ ಇದೀನಿ, ಇನ್ನೊಬ್ಬರ ಅಲೆಗೆ ನುಗ್ಗಬೇಡ ಅಂತ! ಬೇಕಂತಾನೇ ಮಾಡಿದೆ ನೀನು, ನಾನು ನೋಡ್ದೆ! ಕಳ್ಳಿ, ಮಹಾ ಕಳ್ಳಿ! ಇನ್ನೊಂದು ಸಲ ಈ ನೀರಲ್ಲಿ ನಿನ್ನ ಮುಖ ಏನಾದ್ರೂ ಕಂಡರೆ..."

ಟೆಗನ್‌ಳ ಎದೆಯಲ್ಲಿ ಎಷ್ಟೋ ದಿನದಿಂದ ಗಂಟು ಬಿದ್ದಿದ್ದದ್ದೇನೋ ಸಡಿಲವಾಯಿತು. ಯಾರೋ ಕೊನೆಗೂ ಅವಳ ಕಣ್ಣನ್ನೇ ನೋಡಿ ಮಾತಾಡುತ್ತಿದ್ದರು. ತಿರುಗಿ ಬೈಯಲು ಅವಳ ನಾಲಿಗೆಯ ಮೇಲೂ ಮಾತು ಸಿದ್ಧವಾಗಿತ್ತು.

"ಏನ್ರೀ ನೀವು!" ಬ್ರಾನ್ವಿನ್ ಚೀರಿದಳು. "ಯಾರಿಗೆ ಬೈತಿದೀರಾ ಅಂತ ಸ್ವಲ್ಪ ನೋಡ್ರೀ! ನಾಚಿಕೆ ಆಗಲ್ವಾ?"

ಮರ್ವ್ ನೋಡಿದ. ಟೆಗನ್‌ಳ ಹಿಂದೆ ಅವಳ ಎರಡು ಕಾಲುಗಳು ನೀರು ಎಳೆದ ಕಡೆಗೆ ತೇಲುತ್ತಿದ್ದವು. ಅವನ ಮುಖದ ಸಿಟ್ಟು ಜರ್ರನೆ ಇಳಿಯಿತು.

"ತಪ್ಪಾಯ್ತು, ಪುಟ್ಟಾ," ಎಂದ ಮೆಲ್ಲಗೆ. "ಬೋರ್ಡ್ ತಾನೇ. ಹೋಗ್ಲಿ ಬಿಡು."

"ಬಿಡಲ್ಲ!" ಟೆಗನ್ ಬ್ರಾನ್ವಿನ್‌ಳ ಕೈ ಕೊಡವಿದಳು. ಮುಷ್ಟಿ ಬಿಗಿದು ತಲೆಯ ಮೇಲೆತ್ತಿ, ಗಂಟಲು ಹರಿಯುವಂತೆ ಕಿರುಚಿದಳು. "ಪೂರ್ತಿ ಬೈಯೋ, ಮರ್ವ್! ಅರ್ಧಕ್ಕೆ ನಿಲ್ಲಿಸಬೇಡ! ಕಂಡರೆ ಏನು ಮಾಡ್ತೀಯಾ? ಹೇಳೋ!"

ದಡದಲ್ಲಿ ಬ್ರೆಡ್ಡು, ಸಾಸೇಜು ತಿನ್ನುತ್ತ ಕುಳಿತಿದ್ದವರಿಗೆ ಗಾಳಿಯಲ್ಲಿ ಒಂದು ಮಾತೂ ಕೇಳಿಸಲಿಲ್ಲ. ನೊರೆಯ ನಡುವೆ ಮೇಲೆದ್ದ ಆ ಮುಷ್ಟಿಯಷ್ಟೇ ಕಾಣಿಸಿತು. ಎಲ್ಲರೂ ತಟ್ಟೆ ಕೆಳಗಿಟ್ಟು, ಎದ್ದು ನಿಂತು ಚಪ್ಪಾಳೆ ತಟ್ಟಿದರು.